ಹಾರಿಸಿದ ಅಧ್ಯಾಯ

ನಾನು ಒಂದು ಬೈಬಲ್. ಬೆಂಗಳೂರಿನ ಒಂದು ಅಚ್ಚುಕೂಟದಲ್ಲಿ ಹುಟ್ಟಿದೆ. ಕಪ್ಪು ರಟ್ಟು, ಕೆಂಪು ಅಂಚು, ಗುರುತಿಗೊಂದು ರಿಬ್ಬನ್. ದೇವರ ವಾಕ್ಯ ಹೊತ್ತವನಿಗೆ ತಾಳ್ಮೆ ಜಾಸ್ತಿ ಎಂದು ನೀವು ಅಂದುಕೊಂಡಿರಬಹುದು. ನನಗಂತೂ ಇಲ್ಲ. ಮುಚ್ಚಿಟ್ಟರೆ ಮೈಯೆಲ್ಲ ಚಡಪಡಿಸುತ್ತದೆ.

ನನ್ನನ್ನು ಕೊಂಡು ತಂದವಳು ಬೆಟಗೇರಿಯ ಸುಗುಣವ್ವ. ಗಂಡ ದೇವಸಹಾಯಪ್ಪ ಗೌಂಡಿ. ಅವನು ಗೋಡೆ ಕಟ್ಟಿದರೆ ಇವಳು ಗಾರೆ ಕಲಸುತ್ತಿದ್ದಳು. ಬೆಳಿಗ್ಗೆ ನನ್ನ ಮೂರ್ನಾಲ್ಕು ಅಧ್ಯಾಯ ಓದದೆ ಅವಳ ಗಂಟಲಲ್ಲಿ ಚಹಾ ಇಳಿಯುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಕೊನೆಯ ಪುಟ, ಹೊಸ ವರ್ಷಕ್ಕೆ ಮತ್ತೆ ಮೊದಲನೆಯದು. ಅವಳ ಒರಟು ಬೆರಳು ಸಾಲಿನ ಕೆಳಗೆ ಸರಿಯುವಾಗ ಮಾತ್ರ ನಾನು ಸುಮ್ಮನಿರುತ್ತಿದ್ದೆ.

ಗಂಡ ತೀರಿಕೊಂಡ ವರ್ಷ ಅವಳು ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ತುಂಬ ಹೊತ್ತು ನಿಂತಳು. ಬಿದ್ದುಹೋದ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿದವರ ಹೆಸರಿನ ಉದ್ದನೆಯ ಪಟ್ಟಿ ಅದು. ಊರ ಚರ್ಚಿನ ಕಂಪೌಂಡ್ ಗೋಡೆ ಕಟ್ಟಿದ್ದು ದೇವಸಹಾಯಪ್ಪ. ಆಗ ಆರು ವರ್ಷದವನಿದ್ದ ಮಗ ಪ್ರಭು ಇಟ್ಟಿಗೆಗೆ ನೀರು ಹೊಡೆದಿದ್ದ. ಅಲ್ಲಿನ ಕಲ್ಲಿನ ಮೇಲೆ ಇದ್ದದ್ದು ದಾನಿಗಳ ಹೆಸರು ಮಾತ್ರ. ಸುಗುಣವ್ವ ಪೆನ್ಸಿಲ್ ತಂದು ನನ್ನ ಅಂಚಿನಲ್ಲಿ ಬರೆದಳು: ‘ದೇವಸಹಾಯಪ್ಪ ಗೌಂಡಿ. ಅವನ ಮಗ ಪ್ರಭು.’ ಯಾರಿಗೂ ಹೇಳಲಿಲ್ಲ.

ವರ್ಷಗಳು ಕಳೆದವು, ಅವಳ ಕಣ್ಣು ಹೋಯಿತು. ಓದುವ ಪಾಳಿ ಪ್ರಭುವಿಗೆ ಬಂತು. ಅವನೋ ಬಸ್ ಡಿಪೋದ ಮೆಕ್ಯಾನಿಕ್. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ನೆಹೆಮೀಯ ಬಂದಾಗ ಎರಡನೆಯ ಅಧ್ಯಾಯದಿಂದ ನೇರ ನಾಲ್ಕಕ್ಕೆ ಜಿಗಿದ.

“ಮೂರು ಎಲ್ಲಿ ಹೋತೋ?”

“ಅದರಾಗ ಬರೇ ಹೆಸರ ಅದಾವ ಬೇ. ಯಾರೋ ಏನೋ, ನಮಗ್ಯಾಕ?”

“ಆತು, ಮುಂದ ಓದು,” ಎಂದಳು. ದನಿ ಸಣ್ಣಗಾಗಿತ್ತು.

ನನಗೆ ಮೈ ಉರಿಯಿತು. ಎಲವೋ, ನಿನ್ನ ಹೆಸರೇ ಅಲ್ಲಿದೆಯಲ್ಲ! ಕೂಗೋಣವೆಂದರೆ ಬಾಯಿಲ್ಲ. ಮರುವರ್ಷವೂ ಅದೇ ಜಿಗಿತ. ಅದರ ಮರುವರ್ಷವೂ. ಫ್ಯಾನಿನ ಗಾಳಿಗೆ ಆ ಹಾಳೆಯನ್ನು ಎತ್ತಿ ತೋರಿಸಲು ನೋಡಿದೆ. ಪುಣ್ಯಾತ್ಮ ಕನ್ನಡಕದ ಡಬ್ಬಿ ಹೇರಿಟ್ಟ.

ನಾಲ್ಕನೆಯ ವರ್ಷ ಸುಗುಣವ್ವ ಹಾಸಿಗೆ ಹಿಡಿದಿದ್ದಳು. ಇನ್ನೊಂದು ಸುತ್ತು ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪ್ರಭು ಎರಡನೆಯ ಅಧ್ಯಾಯ ಮುಗಿಸಿದ. ಹಾಳೆ ಹಿಡಿದ ಅವನ ಬೆರಳು ತಡೆಯಿತು. ಅವ್ವನ ಮುಖ ನೋಡಿದ, ಗಡಿಯಾರ ನೋಡಿದ. ಆಮೇಲೆ ಗಡಿಯಾರಕ್ಕೆ ಬೆನ್ನು ಮಾಡಿ ಕೂತು, ಬಾಯಿಗೆ ಬಾರದ ಹೆಸರುಗಳನ್ನು ತಡವರಿಸುತ್ತ ಓದತೊಡಗಿದ. ಅಕ್ಕಸಾಲಿಗರು ಕಟ್ಟಿದರು, ಸುಗಂಧ ಮಾಡುವವರು ಕಟ್ಟಿದರು, ಶಲ್ಲೂಮ ಎಂಬವನು ಹೆಣ್ಣುಮಕ್ಕಳ ಜೊತೆ ಕಟ್ಟಿದ. ಅಲ್ಲಿ ಪ್ರಭು ನಿಂತುಬಿಟ್ಟ.

“ಯಾಕ ನಿಂತಿ?”

“ಅವ್ವಾ... ಇಲ್ಲಿ ಅಪ್ಪನ ಹೆಸರೈತಿ. ನಂದೂ ಐತಿ.”

“ಇಪ್ಪತ್ತು ವರ್ಷಾತು ಬರದು.”

“ಒಂದು ಮಾತು ಹೇಳಬಾರದಿತ್ತೇನ?”

“ಹೇಳಿ ತೋರಿಸಿದ್ರ ಅದೊಂದ ಪುಟ ನೋಡಿ ಮುಚ್ಚಿಡತಿದ್ದಿ. ದಿನಾ ಓದಕೋಂತ ಬಂದ್ರ ಸಿಕ್ಕ ಸಿಗತೈತಿ ಅಂತ ಬಿಟ್ಟಿದ್ದೆ.”

ಪ್ರಭು ಅತ್ತ. ಆ ದಿನ ಡಿಪೋಗೆ ತಡವಾಗಿ ಹೋದ. ಮೂರು ವಾರಗಳ ನಂತರ ಸುಗುಣವ್ವ ತೀರಿಕೊಂಡಳು. ಓದುತ್ತ ನಾವು ಕೀರ್ತನೆಗಳ ಪುಸ್ತಕದ ನಡುವೆ ಇದ್ದೆವು.

ಈಗ ನನ್ನ ಬೆನ್ನು ಬಿಟ್ಟಿದೆ, ರಿಬ್ಬನ್ ಹರಿದಿದೆ. ಪ್ರಭು ನಿವೃತ್ತನಾಗಿದ್ದಾನೆ. ಆದರೂ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಕಿಟಕಿಯ ಹತ್ತಿರ ನನ್ನನ್ನು ಬಿಡಿಸುತ್ತಾನೆ. ಒಂದು ಹೆಸರನ್ನೂ ಬಿಡುವುದಿಲ್ಲ. ಅವನು ಐದು ನಿಮಿಷ ತಡ ಮಾಡಿದರೂ ನನಗೆ ಹಳೆಯ ಚಡಪಡಿಕೆ ಶುರುವಾಗುತ್ತದೆ.

ಅವ್ವ ಹೋದ ಮರುವರ್ಷ ಆ ಪುಟ ಬಂದಾಗ ಅವನು ತುಂಬ ಹೊತ್ತು ನೋಡಿದ. ಅಪ್ಪ ಇದ್ದಾನೆ, ತಾನಿದ್ದಾನೆ, ಬರೆದವಳೇ ಇಲ್ಲ. ನನಗೂ ಅದು ಆವರೆಗೆ ಹೊಳೆದಿರಲಿಲ್ಲ. ಪೆನ್ಸಿಲ್ ಹುಡುಕಿ ತಂದು ದುಂಡಗೆ ಬರೆದ: ‘ಸುಗುಣವ್ವ. ಗಾರೆ ಕಲಸಿದಾಕಿ.’