ಏನೂ ಇಲ್ಲದ ನೀರು

"ಆ ನೀರಾಗ ಏನೂ ಇರಂಗಿಲ್ಲಂತ ನೀನೇ ಹೇಳಿದ್ದಿಲ್ಲೇನವಾ?" ಶಾಂತಪ್ಪ ಮಂಚದ ಮೇಲಿಂದಲೇ ಕೇಳಿದ.

ಕಾರ್ಖಾನೆಯ ಬಸ್ಸಿಗೆ ಹೊರಟಿದ್ದ ಉಮಾಶ್ರೀ ಹೊಸ್ತಿಲಲ್ಲೇ ನಿಂತಳು. ಅಪ್ಪನ ಮಾತು ನಿಜ. ಯಾದಗಿರಿ ಹತ್ತಿರದ ಔಷಧ ಕಾರ್ಖಾನೆಯಲ್ಲಿ ನೀರು ಪರೀಕ್ಷಿಸುವ ಕೆಲಸ ಸಿಕ್ಕಾಗ ಹಿಗ್ಗಿನಿಂದ ಎಲ್ಲ ವಿವರಿಸಿದ್ದಳು. ನಳದ ನೀರು ಕುಡಿಯಲಿಕ್ಕೆ. ಅದರ ಉಪ್ಪು ತೆಗೆದದ್ದು ಸಿರಪ್ಪಿಗೆ. ಅದನ್ನೂ ಆವಿ ಮಾಡಿ ಇಳಿಸಿದ್ದು ಇಂಜೆಕ್ಷನ್ನಿಗೆ. ಅದರಲ್ಲಿ ಕ್ರಿಮಿಯಷ್ಟೇ ಅಲ್ಲ, ಸತ್ತ ಕ್ರಿಮಿಯ ವಿಷವೂ ಇರಬಾರದು. ಆಗ ಗೋಗಿ ಊರಿಗೆ ಟಂಟಂ ಆಟೊ ಓಡಿಸುತ್ತಿದ್ದ ಅಪ್ಪ ಹತ್ತಿದವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದ್ದ.

ಈಗ ಅವನ ಎರಡೂ ಕಿಡ್ನಿ ಸೋತಿವೆ. ಡಯಾಲಿಸಿಸ್ ಮಾಡುವ ಡಾಕ್ಟರು ದಿನಕ್ಕೆ ಇಷ್ಟೇ ನೀರೆಂದು ಅಳತೆ ಹಾಕಿಕೊಟ್ಟಿದ್ದಾರೆ. ಅವ್ವ ಸೂಗಮ್ಮ ಕೊಡವನ್ನು ಒಳಗಿಟ್ಟು ಬಾಗಿಲಿಗೆ ಕೀಲಿ ಹಾಕುತ್ತಾಳೆ. ಹೋದ ವಾರ ಅವನು ಬಚ್ಚಲ ಹಂಡೆಯ ನೀರನ್ನು ಕದ್ದು ಕುಡಿದು, ಆಸ್ಪತ್ರೆ ಮುಟ್ಟುವವರೆಗೆ ಉಸಿರಿಗಾಗಿ ಒದ್ದಾಡಿದ್ದ.

"ಏನೂ ಇಲ್ಲಂದ್ರೂ ಅದು ನೀರೇ ಅಪ್ಪಾ. ಎದ್ಯಾಗ ತುಂಬ್ತದ."

"ಡಾಕ್ಟರಿಗೆ ಈ ನಳದ ನೀರು ಗೊತ್ತದ, ನಿಮ್ಮ ನೀರು ಎಲ್ಲಿ ಗೊತ್ತದ? ರಕ್ತಕ್ಕ ನಡೀತದಂದ್ರ ನನ್ನ ಬಾಯಿಗ್ಯಾಕ ನಡಿಯಂಗಿಲ್ಲ? ಒಂದು ತಂಬಿಗಿ ತಾ."

"ಸುಮ್ನ ಮಲಕೋರಿ," ಒಳಗಿನಿಂದ ಸೂಗಮ್ಮ ಗದರಿದಳು. "ಆಕಿ ನೌಕರಿ ಕಳೀತೀರೇನು?"

ಶಾಂತಪ್ಪ ನಕ್ಕ. ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿ ಚಟ್ಟೆಂದಿತು. "ದೇಶಕ್ಕೆಲ್ಲ ನೀರು ಕೊಡ್ತಾಳ ನನ್ನ ಮಗಳು. ಅಪ್ಪಗ ಮಾತ್ರ ಬರೇ ಪಾಠ."

ಉಮಾಶ್ರೀ ಬಟ್ಟೆಯ ಚುಂಗನ್ನು ತೇವ ಮಾಡಿ ಅವನ ತುಟಿ ಒರೆಸಿದಳು. ಅವನು ಅದನ್ನು ಹಲ್ಲಿನಿಂದ ಕಚ್ಚಿ ಚೀಪತೊಡಗಿದ. ಅವಳು ಎಳೆದಳು, ಅವನು ಬಿಡಲಿಲ್ಲ. ಹೊರಗೆ ಬಸ್ಸು ಹಾರ್ನ್ ಹಾಕಿತು. ಜೋರಾಗಿಯೇ ಎಳೆದುಕೊಳ್ಳಬೇಕಾಯಿತು.

ಕಾರ್ಖಾನೆಯಲ್ಲಿ ಮುಸುಕು, ಕೈಗವಸು ತೊಟ್ಟು, ಇಂಜೆಕ್ಷನ್ ನೀರಿನ ನಲ್ಲಿಯ ಮುಂದೆ ಬಾಟಲಿ ಹಿಡಿದು ನಿಂತಳು. ಸ್ಯಾಂಪಲ್ ಹಿಡಿಯುವ ಮುನ್ನ ನಲ್ಲಿಯ ಬಾಯಿ ತೊಳೆದುಹೋಗುವಷ್ಟು ನೀರನ್ನು ಹರಿಯಲು ಬಿಡಬೇಕು. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಬಿಡಬೇಕು. ನಲ್ಲಿ ತಿರುಗಿಸಿದಳು. ಹಬೆಯಾಡುವ ನೀರು ಒಂದೇ ಧಾರೆಯಾಗಿ ಮೋರಿಗೆ ಬೀಳತೊಡಗಿತು. ಕೈ ತಾನಾಗಿ ಹೋಗಿ ನಲ್ಲಿ ನಿಲ್ಲಿಸಿತು.

ಒಂದು ಹನಿ ತುದಿಯಲ್ಲಿ ತೂಗಿ ಬಿತ್ತು.

ಉಮಾಶ್ರೀ ಮತ್ತೆ ನಲ್ಲಿ ತಿರುಗಿಸಿ, ಮೊದಲಿನಿಂದ ಬಿಟ್ಟಳು.