ನೀಲಿ ಪಟ್ಟಿಯ ದಿನ

ಓರಿನ್ ಎರಡೂ ಕೈ ಎತ್ತಿ ತರಗತಿಗೆ ತೋರಿಸಿ, ಕೈಗಳು ಎನ್ನಲು "ಘೊಪ್‌ಡು" ಎಂದ. ಕುರ್ಚಿಗಳ ಕಡೆ ಬೆರಳು ಮಾಡಿ "ಕುಷ್‌ಮೇ" ಎಂದ. ನಮ್ಮಲ್ಲಿ ಜನಕ್ಕೊಂದು, ವಸ್ತುಗಳಿಗೊಂದು ಬಹುವಚನವಿದ್ದರೆ ಈ ಕ್ಲಿಂಗನ್ ಭಾಷೆಯಲ್ಲಿ ಮೈಯ ಅಂಗಗಳಿಗೂ ಬೇರೆಯದೇ ಒಂದು ಬಾಲವಿದೆ. "ಘೋಜ್" ಎಂದರೆ ಕಲಿ. ಅದಕ್ಕೆ "ವಿ" ಹಚ್ಚಿದರೆ ಕಲಿಯುವವನು, ಮಾತು ಬಲ್ಲವರೆಂದು ಮೇಲೊಂದು "ಪು" ಹಚ್ಚಿದರೆ ಕಲಿಯುವವರು. ಅಮೆರಿಕದಲ್ಲಿ, ಸರೋವರದ ದಂಡೆಯ ಡುಲೂತ್‌ನ ಹೋಟೆಲಿನ ಆ ಕೋಣೆಯಲ್ಲಿ ಹನ್ನೊಂದು ಮಂದಿ "ಘೋಜ್‌ವಿಪು" ಎಂದು ಒಟ್ಟಿಗೆ ಒಪ್ಪಿಸಿದರು.

ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಮಾರ್ಲಿಸ್ ಕಾಲುಚೀಲ ಹೆಣೆಯುತ್ತ ಕೂತಿದ್ದಳು. ಹದಿನೆಂಟು ವರ್ಷದಿಂದ ಪ್ರತಿ ಜುಲೈನಲ್ಲೂ ಈ ಕ್ಲಿಂಗನ್ ಪ್ರಿಯರ ಕೂಟಕ್ಕೆ ಗಂಡನ ಜೊತೆ ಬರುತ್ತಾಳೆ, ಬೇಕೆಂದೇ ಏನೂ ಕಲಿತಿಲ್ಲ. ಸಿನಿಮಾ ಪರದೆಯ ಮೇಲಿನ ಅನ್ಯಲೋಕದವರಿಗೆಂದು ಯಾರೋ ಕೂತು ಹೊಸೆದ ಭಾಷೆ, ಅದಕ್ಕೆ ತಲೆ ಕೆಡಿಸಿಕೊಳ್ಳಲು ತನಗೇನು ಹುಚ್ಚೇ ಎಂಬುದು ಅವಳ ವಾದ. ಅದರಲ್ಲೂ ಕೂಟದ ಎರಡನೆಯ ದಿನ ಅವಳಿಗೆ ರೇಗುತ್ತಿತ್ತು. ಅಂದು ಎದೆಗೆ ನೀಲಿ ಪಟ್ಟಿ ಸಿಕ್ಕಿಸಿಕೊಂಡವರು ಸಂಜೆಯ ಊಟ ಮುಗಿಯುವವರೆಗೆ ಇಂಗ್ಲಿಷಿನ ಒಂದಕ್ಷರ ಆಡುವಂತಿಲ್ಲ. ಆಡಿದರೆ ಎಲ್ಲರೆದುರು ಪಟ್ಟಿ ಕಿತ್ತು ಕೊಡಬೇಕು. ಓರಿನ್ ಒಂದು ವರ್ಷವೂ ಕೊಟ್ಟವನಲ್ಲ.

ಮಧ್ಯಾಹ್ನ ಅವನು ತಲೆ ಹಿಡಿದುಕೊಂಡು ಕೋಣೆಗೆ ಹೋಗಿ ಮಲಗಿದ. ಸಂಜೆ ಊಟಕ್ಕೆ ಬಂದಾಗ ಮುಖದಲ್ಲಿ ಪರಿಚಯವಿಲ್ಲದವರ ಮನೆಗೆ ಬಂದ ನೆಂಟನ ನಗೆಯಿತ್ತು. ಊಟ ಮುಗಿಯಿತು, ಎಲ್ಲರೂ ಪಟ್ಟಿ ಕಳಚಿ ಇಂಗ್ಲಿಷಿನಲ್ಲಿ ಹರಟತೊಡಗಿದರು. ಹೊರಗೆ ಸರೋವರದ ಮೇಲೆ ಇನ್ನೂ ಬಿಸಿಲಿತ್ತು. ಓರಿನ್‌ನ ಪಟ್ಟಿಯನ್ನು ಮಾರ್ಲಿಸಳೇ ಕಳಚಿದಳು.

"ಮುಗೀತಲ್ಲ ಮಾರಾಯ, ಇನ್ನಾದ್ರೂ ಮನುಷ್ಯರ ಹಾಗೆ ಮಾತಾಡು. ತಿನ್ನೋಕೆ ಸಿಹಿ ಪೈ ಬೇಕಾ, ಬೇಡ್ವಾ?"

ಅವನು ವಿನಯದಿಂದ ಅದೇ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ. ಮೇಜು ಘೊಳ್ಳೆಂದು ನಕ್ಕಿತು.

"ಏನಂತಾನೆ?" ಎಂದು ಅವಳು ಪಕ್ಕದ ಥ್ಯಾಡ್‌ನನ್ನು ಕೇಳಿದಳು. ಥ್ಯಾಡ್ ಓರಿನ್‌ನ ಹಳೆಯ ಶಿಷ್ಯ.

"ಸುತ್ತ ಎಲ್ಲರ ಬಾಯಿ ಆಡ್ತಿದೆ, ಆದ್ರೆ ಯಾರೊಬ್ಬರ ಮಾತೂ ತಿಳೀತಿಲ್ಲವಂತೆ. ಏನು ನಟನೆ ನೋಡಿ ಮಾರ್ಲಿಸ್! ಒಂದು ಪ್ರತ್ಯಯ ತಪ್ಪಿಲ್ಲ."

ಯಾರೋ ಚಪ್ಪಾಳೆ ಶುರು ಮಾಡಿದರು, ಉಳಿದವರು ಸೇರಿಕೊಂಡರು. ಚಪ್ಪಾಳೆಯ ನಡುವೆ ಓರಿನ್ ಒಂದೊಂದೇ ಮುಖವನ್ನು ನೋಡುತ್ತ ಬಂದ. ಅವಳ ಮುಖದ ಮೇಲೂ ಅಷ್ಟೇ ಹೊತ್ತು ಕಣ್ಣಿಟ್ಟು ಮುಂದೆ ಹೋದ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಆ ನೋಟ ಸಾಕಾಯಿತು.

"ಓರಿನ್, ಆಟ ಸಾಕು. ನನಗೆ ಹೆದರಿಕೆ ಆಗ್ತಿದೆ. ನಿನ್ನ ಕೈ ಎತ್ತು ನೋಡೋಣ."

ಅವನು ನಕ್ಕ, ಎತ್ತಲಿಲ್ಲ. ಅವಳು ಜನ್ಮದಲ್ಲೇ ಮೊದಲ ಸಲ ಆ ಭಾಷೆಯ ಪದವೊಂದನ್ನು ಬಾಯಿಗೆ ತಂದುಕೊಂಡು "ಘೊಪ್‌ಡು" ಎಂದಳು. ಓರಿನ್‌ನ ಮುಖ ಅರಳಿತು. ಕೂಡಲೇ ಎಡಗೈ ಎತ್ತಿದ. ಬಲಗೈ ಮೇಜಿನ ಮೇಲೆ, ಚೆಲ್ಲಿದ ಕಾಫಿಯಲ್ಲಿ ಹಾಗೇ ಬಿದ್ದಿತ್ತು. ಚಪ್ಪಾಳೆ ನಿಂತುಹೋಯಿತು.

ಹತ್ತೇ ನಿಮಿಷಕ್ಕೆ ಆಂಬುಲೆನ್ಸ್ ಬಂತು. ಅದರಲ್ಲಿ ಬಂದ ನರ್ಸ್ ಓರಿನ್‌ನ ಮಾತು ಕೇಳಿ, "ಲಕ್ವ ಹೊಡೆದ ಹಾಗಿದೆ. ಇವರು ಯಾವ ದೇಶದೋರು? ಆಸ್ಪತ್ರೆಯಲ್ಲಿ ದುಭಾಷಿಗಳಿದಾರೆ, ಭಾಷೆ ಯಾವುದು ಹೇಳಿ ಸಾಕು" ಎಂದಳು. "ದುಭಾಷಿ ಇವನೇ" ಎಂದು ಮಾರ್ಲಿಸ್ ಥ್ಯಾಡ್‌ನ ತೋಳು ಹಿಡಿದು ಗಾಡಿಗೆ ಹತ್ತಿಸಿದಳು.

ದಾರಿಯುದ್ದಕ್ಕೂ ಓರಿನ್ ಅವಳನ್ನೇ ನೋಡುತ್ತಿದ್ದ. ಅವಳು ಅವನ ಬಲಗೈಯ ಕಾಫಿಯನ್ನು ಒರೆಸುತ್ತಿದ್ದಳು. ಅವನು ಮೆಲ್ಲಗೆ ಏನೋ ಕೇಳಿದ. ಥ್ಯಾಡ್ ಕಿಟಕಿಯ ಕಡೆ ತಿರುಗಿಕೊಂಡ.

"ಏನು ಕೇಳ್ದ?"

"ಬಿಡಿ ಮಾರ್ಲಿಸ್, ಈಗ ಅವರಿಗೆ ಗೊಂದಲ."

"ಏನು ಕೇಳ್ದ ಥ್ಯಾಡ್?"

"ಈ ಹೆಂಗಸು ತುಂಬ ಒಳ್ಳೆಯೋಳು, ಇವಳ ಹೆಸರೇನು ಅಂತ."

ಅವಳು ಒರೆಸುವುದನ್ನು ನಿಲ್ಲಿಸಿ ಹೆಸರು ಹೇಳಿದಳು. ಓರಿನ್ ಅದನ್ನು ನಾಲಗೆಯ ಮೇಲಿಟ್ಟು ನೋಡಿದ. ಕೊನೆಯ ಸದ್ದು ಸರಿ ಹೊರಡಲಿಲ್ಲ. ಅವಳು ಅವನ ಹತ್ತಿರಕ್ಕೆ ಬಾಗಿ, ಬಿಡಿಸಿ ಬಿಡಿಸಿ, ಇನ್ನೊಮ್ಮೆ ಹೇಳಿಕೊಟ್ಟಳು.