ಸೋರದ ಬಾಟಲಿ

ನಮ್ಮ ಮಾವ ನಂಜುಂಡಸ್ವಾಮಿಯವರಿಗೆ ಸೋರುವುದನ್ನು ಕಂಡರೆ ಆಗುವುದಿಲ್ಲ. ನಲ್ಲಿ, ಪೈಪು, ಔಷಧಿ ಹೊಡೆಯುವ ಟ್ಯಾಂಕು, ಯಾವುದೇ ಇರಲಿ, ಒಂದು ಹನಿ ಕಂಡರೆ ಸಾಕು, ಅಂಗಿಯ ಜೇಬಿನಿಂದ ನಲ್ಲಿಗೆ ಸುತ್ತುವ ಬಿಳಿ ಟೇಪಿನ ಸುರುಳಿ ಹೊರಗೆ ಬರುತ್ತದೆ. ಬೇರೆ ಮನೆಯ ಯಜಮಾನರ ಜೇಬಿನಲ್ಲಿ ಪೆನ್ನಿರುತ್ತದೆ, ನಮ್ಮವರ ಜೇಬಿನಲ್ಲಿ ಟೇಪು. ಮದುವೆಗೆ ಹೋದರೂ ಛತ್ರದ ಕೈತೊಳೆಯುವ ನಲ್ಲಿಗಳನ್ನು ಒಂದು ಸಲ ತಿರುಗಿಸಿ ನೋಡದೆ ಊಟಕ್ಕೆ ಕೂರುವವರಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಏನೂ ಸೋರುವುದಿಲ್ಲ. ಮಾತು ಹೊರಗೆ ಹೋಗುವುದಿಲ್ಲ, ಸೊಸೆಯರೂ ಅಷ್ಟು ಸುಲಭವಾಗಿ ಹೊರಗೆ ಹೋಗುವುದಿಲ್ಲ.

ನಾನು ಈ ಮನೆಯ ಹಿರಿ ಸೊಸೆ, ದೊಡ್ಡ ಮಗ ಕುಮಾರನ ಹೆಂಡತಿ. ಕಿರಿಯವಳು ವಾಣಿಶ್ರೀ, ನನ್ನ ಮೈದುನ ಕಿರಣನ ಹೆಂಡತಿ. ಪಿರಿಯಾಪಟ್ಟಣದಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡಿ ನಂಬರು ಹೇಳುವ ಕೆಲಸ ಅವಳದು. ಅದಕ್ಕೇ ಅಂತ ಓದಿದ್ದಾಳೆ. ಹೆರಿಗೆಯಾಗಿ, ಮಗು ಚಿನ್ನು ಕತ್ತು ನಿಲ್ಲಿಸಿದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತೇನೆ ಅಂದಳು. ಮಾವ ಬೇಡ ಅನ್ನಲಿಲ್ಲ. ಬೇಡ ಅನ್ನುವುದು ಅವರ ಪದ್ಧತಿಯಲ್ಲ.

"ಓಗವ್ವ, ಯಾರ್ ಬ್ಯಾಡ ಅಂದೋರು? ಮಗ ಬಾಟ್ಲಿ ಇಡ್ಕಂಡ್ರೆ ಆಯ್ತು. ಗೌರಿ ಅಬ್ಬದ ಗಂಟ ನೋಡವ. ಇಡ್ಕಳ್ನಿಲ್ಲ ಅಂದ್ರೆ ಮಾತ್ರ ನೀನೇ ಕೆಲ್ಸಕ್ಕೆ ಬರಕಿಲ್ಲ ಅಂತ ಯೋಳ್ಬುಡು" ಅಂದರು.

ಎಷ್ಟು ಉದಾರವಾದ ಮಾತು ನೋಡಿ. ಅವಳ ಕೆಲಸ ಉಳಿಯುವುದು ಬಿಡುವುದು ಹಲ್ಲಿಲ್ಲದ ಕೂಸಿನ ಬಾಯಿಗೆ ಬಂತು.

ಕಿರಣ ಬೈಲಕುಪ್ಪೆಯ ಅಂಗಡಿ ಸಾಲಿನಿಂದ ಒಂದು ಒಳ್ಳೆಯ ಬಾಟಲಿ ತಂದ. ಜೊತೆಗೆ ಬಂದ ಚೀಟಿಯಲ್ಲಿ ಗಾಳಿ ಎಲ್ಲಿಂದ ಒಳಗೆ ಹೋಗಬೇಕು ಅಂತ ಬಾಣದ ಗುರುತು ಹಾಕಿ ಚಿತ್ರ ಬರೆದಿದ್ದರಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಆ ಚೀಟಿ ಅದೇ ದಿನ ಮಡಚಿಕೊಂಡು, ಅಲುಗಾಡುತ್ತಿದ್ದ ಗ್ರೈಂಡರಿನ ಕಾಲಡಿ ಸೇರಿತು. ಭಾನುವಾರ ವಾಣಿಶ್ರೀ ಡಾಕ್ಟರು ಬರೆದುಕೊಟ್ಟ ಪುಡಿ ಹಾಲು ಕಲಸಿ ತಾನೇ ಕುಡಿಸಿ ನೋಡಿದಳು. ಚಿನ್ನು ಗಟಗಟ ಕುಡಿದ. ಬಾಟಲಿಯೊಳಗೆ ಗುಳ್ಳೆ ಏಳುವುದನ್ನು ನೋಡುತ್ತಾ ನಾವಿಬ್ಬರೂ ನಕ್ಕೆವು. ಆಮೇಲೆ ಮಾವ ಮೊಮ್ಮಗನನ್ನು ಎತ್ತಿಕೊಂಡು ತಾವೂ ನಾಲ್ಕು ಗುಟುಕು ಕುಡಿಸಿದರು. ಮುಚ್ಚಳದ ಸಂದಿಯಿಂದ ಒಂದು ತೊಟ್ಟು ಹಾಲು ಅವರ ಹೊಸ ಪಂಚೆಯ ಮೇಲೆ ಬಿತ್ತು.

"ಇದು ಸೋರ್ತದೆ ಕಣ್ಲಾ ಕಿರಣ" ಅಂದರು ಮಾವ, ಮಗ ಯಾರೋ ಕಳ್ಳನನ್ನು ಮನೆಗೆ ಕರೆತಂದವನಂತೆ.

ಸೋಮವಾರ ವಾಣಿಶ್ರೀ ಬಸ್ಸು ಹತ್ತಿದಳು. ಸೋಮವಾರದಿಂದಲೇ ಚಿನ್ನು ಬಾಟಲಿ ಕಂಡರೆ ಮುಖ ತಿರುಗಿಸತೊಡಗಿದ. ಎರಡು ಸಲ ಚೀಪುತ್ತಾನೆ, ಮೂರನೆಯದಕ್ಕೆ ಕಿರುಚುತ್ತಾನೆ. ಬಾಯಿಗಿಟ್ಟರೆ ಅಳು, ತೆಗೆದರೂ ಅಳು. ಅದು ಹೊಗೆಸೊಪ್ಪು ಮುರಿಯುವ ಕಾಲ. ನಾನು ಬೆಳಗಾದರೆ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹತ್ತಿರ ಕಡ್ಡಿಗೆ ಸೊಪ್ಪು ಕಟ್ಟುತ್ತಾ ಕೂತಿರುತ್ತಿದ್ದೆ. ಮನೆಯಲ್ಲಿ ಹಾಲು ಕಲಸುವುದು, ಬಾಟಲಿ ಕುದಿಸುವುದು, ತೊಳೆಯುವುದು ನಮ್ಮ ಅತ್ತೆ ಪುಟ್ಟತಾಯಮ್ಮನವರ ಪಾಲು. ಮುಚ್ಚಳ ಹಾಕುವುದು ಮಾತ್ರ ಮಾವನ ಪಾಲು. ಅದನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಕಾರಣ ಹುಡುಕುವುದರಲ್ಲಿ ನಮ್ಮೂರಿನವರು ಯಾರಿಗೂ ಕಮ್ಮಿಯಿಲ್ಲ. ಪಕ್ಕದ ಮನೆಯ ಚಿಕ್ಕಬೀರಮ್ಮ ಬಂದು ಮಗುವನ್ನು ಮೇಲೆ ಕೆಳಗೆ ನೋಡಿ, "ದಿನಾ ಊರೋರ ಕಣ್ಣೆಲ್ಲ ನೋಡ್ಕಂಡು ಬತ್ತಾಳೆ. ಅಷ್ಟು ಕಣ್ಣು ಮಗೀಗೆ ತಾಕ್ದೆ ಇನ್ನೇನಾದದು?" ಅಂದಳು. ಸಂಜೆ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು, ಮಗುವೂ ಕೆಮ್ಮಿತು, ಬಾಟಲಿ ಮಾತ್ರ ಇದ್ದಂತೆಯೇ ಇತ್ತು. ತಾಯಿಯ ಮೇಲೆ ಮಗುವಿಗೆ ಮುನಿಸು ಅಂದರು ಇನ್ನೊಬ್ಬರು. ಕಿರಣ ಮೊಬೈಲಿನಲ್ಲಿ ವೀಡಿಯೊ ನೋಡಿ ಹಾಡು ಹಾಕಿದ. ಕೂಸು ಹಸಿದು ಕೂಗುತ್ತಿರುವಾಗ ಮೊಬೈಲು ಲಾಲಿ ಹಾಡುತ್ತಿತ್ತು.

ಡಾಕ್ಟರು ತೂಕ ನೋಡಿ, ಇಳಿದಿದೆ ಅಂದರು. ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡಿದೆ ಅಂತ ಒಂದು ಡ್ರಾಪ್ಸು ಬರೆದರು. ಮಾವನ ಮುಖ ಅರಳಿತು.

"ನಾ ಯೋಳ್ನಿಲ್ವಾ? ಗಾಳಿ ಎಲ್ಲಿಂದನೋ ಒಳಕ್ಕೆ ನುಗ್ತಾ ಅದೆ" ಅಂದವರು ಮನೆಗೆ ಬಂದು ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿದರು.

ವಾಣಿಶ್ರೀ ಸಂಜೆ ಬಸ್ಸಿಳಿದವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಮಗುವನ್ನು ಎದೆಗೆ ಹಾಕಿಕೊಳ್ಳುತ್ತಿದ್ದಳು. ಅದು ಬರಗೆಟ್ಟಂತೆ ಕುಡಿಯುತ್ತಿತ್ತು. ಸುತ್ತ ಕೂತವರು ಆ ನೋಟವನ್ನು ಸುಮ್ಮನೆ ನೋಡುತ್ತಿದ್ದರು. ಹಾಗೆ ಸುಮ್ಮನೆ ನೋಡುವುದಿದೆಯಲ್ಲ, ಬೈದರೂ ವಾಸಿ. ಒಂದು ದಿನ ಅವಳು ಹಿತ್ತಿಲಿಗೆ ಬಂದು, "ಅಕ್ಕ, ಸಾಕಾಯ್ತು ನಂಗೆ. ಮಗ ಸೊರಗೋಗೋದ ನೋಡಿದ್ರೆ ನಂದೇ ತಪ್ಪು ಅನ್ನುಸ್ತದೆ. ಕೆಲ್ಸ ಬುಟ್ಬುಡ್ತೀನಿ" ಅಂದಳು.

ಆ ಮಾತು ನನಗೆ ಹೊಸದಲ್ಲ. ನಾನೂ ಟೀಚರ್ ಟ್ರೈನಿಂಗ್ ಮುಗಿಸಿದವಳು. ಮದುವೆಯಾದ ಹೊಸದರಲ್ಲಿ ಹಾರನಹಳ್ಳಿಯ ಒಂದು ಪ್ರೈವೇಟ್ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದೆ. ರಸ್ತೆಯಲ್ಲಿ ಕಂಡ ಮಕ್ಕಳು ಟೀಚರ್ ಟೀಚರ್ ಅಂತ ಓಡಿ ಬರುತ್ತಿದ್ದವು. ನನ್ನ ಮಗ ಚಂದು ಹುಟ್ಟಿದ ಮೇಲೆ ಅವನೂ ಬಾಟಲಿ ಹಿಡಿಯಲಿಲ್ಲ. ಅಳು, ತೂಕ, ಸುಮ್ಮನೆ ನೋಡುವ ಜನ, ಎಲ್ಲ ಹೀಗೇ. ಕೆಲಸ ಬಿಟ್ಟೆ. ಕೆಲವು ಮಕ್ಕಳು ಬಾಟಲಿ ಹಿಡಿಯುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಂದು ಈಗ ಒಂಬತ್ತನೇ ಕ್ಲಾಸು. ಮನೆಯಲ್ಲಿ ಕುಡಿಯುವಂಥದ್ದು ಏನಿದ್ದರೂ ಅವನಿಗೆ ಬಾಟಲಿಯಲ್ಲೇ ಆಗಬೇಕು.

"ಅಬ್ಬ ಬರ್ಲಿ ತಡಿ, ಅಲ್ಲಿಗಂಟ ಯಾರ್ಗೂ ಏನೂ ಯೋಳ್ಬ್ಯಾಡ" ಅಂದೆ ಅವಳಿಗೆ. ಯಾಕೆ ಹಾಗಂದೆನೋ ಗೊತ್ತಿಲ್ಲ.

ಹಬ್ಬ ಇನ್ನೇನು ಬಂತು ಅನ್ನುವಾಗ ಮಳೆ ಹಿಡಿಯಿತು. ಸೊಪ್ಪು ಮುರಿಯಲು ಆಗದೆ ನಾನು ಮನೆಯಲ್ಲೇ ಉಳಿದೆ. ಅತ್ತೆ ಕೊಟ್ಟಿಗೆಯಲ್ಲಿದ್ದರು. ಮಾವ ಮುಚ್ಚಳ ಬಿಗಿದಿಟ್ಟು ಬ್ಯಾರನ್ ಕಡೆ ಹೋಗಿದ್ದರು. ಚಿನ್ನುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿ ಕೊಟ್ಟೆ. ಆಸೆಯಿಂದಲೇ ಬಾಯಿ ಹಾಕಿದ. ಎರಡು ಗುಟುಕು ಕುಡಿದ. ಆಮೇಲೆ ನೋಡುತ್ತೇನೆ, ರಬ್ಬರಿನ ನಿಪ್ಪಲ್ಲು ಚಪ್ಪಟೆಯಾಗಿ ಒಳಕ್ಕೆ ಮಡಚಿಕೊಂಡಿದೆ. ಪಾಪ, ಕೂಸು ಕೆಂಪಗಾಗಿ ಎಳೆಯುತ್ತಿದೆ, ಹಾಲು ಬರುತ್ತಿಲ್ಲ. ಬಾಟಲಿಯೊಳಗೆ ಒಂದೇ ಒಂದು ಗುಳ್ಳೆ ಇಲ್ಲ.

ಆ ಭಾನುವಾರ ಗುಳ್ಳೆ ಎದ್ದದ್ದು ನೆನಪಾಯಿತು. ಮುಚ್ಚಳ ತಿರುಗಿಸಿದೆ, ಜಪ್ಪಯ್ಯ ಅನ್ನಲಿಲ್ಲ. ಸೆರಗು ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಾಗ ಫುಸ್ ಅಂತ ಗಾಳಿ ಒಳಕ್ಕೆ ಹೋಗಿ ನಿಪ್ಪಲ್ಲು ಎದ್ದು ಕೂತಿತು. ಬಾಟಲಿಯ ಕತ್ತಿನಲ್ಲಿ ಮುಚ್ಚಳ ಕೂರುವ ತಿರುಪಿನ ಗೆರೆಗಳ ಮೇಲೆ ಬೆಳ್ಳಗೆ ಸುತ್ತಿಕೊಂಡಿತ್ತು ಮಾವನ ಟೇಪು. ಸುತ್ತಿನ ಮೇಲೆ ಸುತ್ತು, ಬಹಳ ನೀಟಾಗಿ. ಬೋರಿನ ಪೈಪಿಗೂ ಇಷ್ಟು ಪ್ರೀತಿಯಿಂದ ಸುತ್ತಿದವರಲ್ಲ.

ಟೇಪು ಬಿಚ್ಚಿ, ಮುಚ್ಚಳ ಹದವಾಗಿ ಹಾಕಿ ಕೊಟ್ಟೆ. ಗುಳುಗುಳು ಗುಳ್ಳೆ ಎದ್ದವು. ಚಿನ್ನು ಇಡೀ ಬಾಟಲಿ ಖಾಲಿ ಮಾಡಿ ತೇಗಿದ. ನನಗೆ ಅಳು ಬಂತು, ಸಿಟ್ಟೂ ಬಂತು. ಅತ್ತೆಯವರನ್ನು ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಇಷ್ಟು ಒಳ್ಳೆಯ ತಮಾಷೆಯನ್ನು ಒಬ್ಬಳೇ ನೋಡಿದರೆ ಹೇಗೆ? ಮಾರನೆಯ ದಿನವೇ ಹನಗೋಡಿನಿಂದ ವಾಣಿಶ್ರೀಯ ಅಪ್ಪ ಅವ್ವ ಬರುವವರಿದ್ದರು. ಬೀಗರ ಎದುರಿಗೇ ಅವಳ ಕೆಲಸದ ವಿಚಾರ ತೀರ್ಮಾನ ಮಾಡುವುದು ಅಂತ ಮಾವ ಆಗಲೇ ಹೇಳಿದ್ದರು. ಅಲ್ಲಿಯ ತನಕ ಮಗು ಉಪವಾಸ ಇರದಂತೆ ಕದ್ದು ಕುಡಿಸಿದೆ. ಬೆಳಿಗ್ಗೆ ಟೇಪನ್ನು ನಾನೇ ಮತ್ತೆ ಸುತ್ತಿ ಮುಚ್ಚಳ ಬಿಗಿದಿಟ್ಟೆ.

ಬೀಗರು ಬಂದರು, ಕಾಫಿ ಆಯಿತು. ಮಾವ ನೇರವಾಗಿ ವಿಷಯಕ್ಕೆ ಬರುವವರಲ್ಲ, ಬ್ಯಾರನ್ನಿನಿಂದ ಶುರು ಮಾಡಿದರು. ಸೊಪ್ಪು ಹದವಾಗಿ ಬೇಯಬೇಕಾದರೆ ಗಾಳಿಕಿಂಡಿ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಸುತ್ತಮುತ್ತ ತಮ್ಮೊಬ್ಬರಿಗೇ ಗೊತ್ತು ಅನ್ನುವುದು ಅವರ ಹಳೆಯ ಪುರಾಣ. "ಗಾಳಿ ಆಡ್ದಿದ್ರೆ ಸೊಪ್ಪು ಕಪ್ಪಾಗೋಯ್ತದೆ ಬೀಗ್ರೆ, ಅದು ಉಸ್ರಾಡ್ಬೇಕು" ಅಂದರು. ಬೀಗರು ತಲೆದೂಗಿದರು. ಆಮೇಲೆ ಮಾವ ದನಿ ಇಳಿಸಿ, "ಮಗ ಬಾಟ್ಲಿ ಇಡ್ಕಳ್ನಿಲ್ಲ. ನಾವೂ ಮಾಡೋದೆಲ್ಲ ಮಾಡುದ್ವಿ. ಬಾಟ್ಲಿ ಒಂದು ತೊಟ್ಟೂ ಸೋರ್ದಂಗೆ ನಾನೇ ನೋಡ್ಕಂಡಿವ್ನಿ. ತಾಯಿನೇ ಬೇಕು ಅಂತದೆ ಮಗ, ಏನ್ ಮಾಡದು?" ಅಂದರು.

ವಾಣಿಶ್ರೀ ತಲೆ ತಗ್ಗಿಸಿ ನಿಂತಿದ್ದಳು. ಅವಳ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಯ್ತು ಬುಡಿ, ಮಗೀಗಿಂತ ಎಚ್ಚಾ ಕೆಲ್ಸ" ಅಂದರು.

ನಾನು ಬಾಟಲಿ ತಂದು ಮಾವನ ಮುಂದೆ ಹಿಡಿದೆ. "ಮಾವ, ಬಾಟ್ಲಿ ಸರ್ಯಾಗೇ ಅದೆ ಅಂತ ಬೀಗ್ರಿಗೆ ಒಂದ್ಸಲ ತೋರ್ಸಿ. ನೀವೇ ನಾಕು ಗುಟುಕು ಕುಡೀರಿ."

"ನಾನಾ?"

"ಇನ್ಯಾರು ಮಾವ, ಮುಚ್ಚಳ ಆಕಿರೋರು ನೀವು."

ಬೀಗರ ಮುಂದೆ ಹಿಂಜರಿದರೆ ಮರ್ಯಾದೆ ಪ್ರಶ್ನೆ. "ತತ್ತಾ ಇಲ್ಲಿ" ಅಂತ ಇಸಿದುಕೊಂಡು ಮೀಸೆ ಒರೆಸಿ ಬಾಯಿಗಿಟ್ಟರು. ಮೊದಲ ಎಳೆತಕ್ಕೆ ಹಾಲು ಬಂತು, ಗರ್ವದಿಂದ ನೋಡಿದರು. ಇನ್ನೆರಡು ಎಳೆತಕ್ಕೆ ಕೆನ್ನೆ ಎರಡೂ ಗುಳಿ ಬಿದ್ದವು. ಕಣ್ಣು ದೊಡ್ಡದಾಯಿತು. ಆದರೂ ಬಿಡಲಿಲ್ಲ, ಜೋರಾಗಿ ಎಳೆದರು, ಕತ್ತಿನ ನರ ಉಬ್ಬಿತು. ನಿಪ್ಪಲ್ಲು ಮಡಚಿಕೊಂಡು ಕೂತಿತ್ತು. ಬೀಗರು ಮರ್ಯಾದಸ್ಥರು, ಜಂತೆ ಎಣಿಸುತ್ತಾ ಕೂತರು. ಕಿರಣ ಫೋನ್ ಬಂದವನಂತೆ ಹೊರಗೆ ಹೋದ.

"ಬರ್ತಾ ಇಲ್ವಾ ಮಾವ? ಉಪ್ಪು ಮೆಣಸಿನಕಾಯಿ ನೀವಾಳಿಸ್ಲಾ?" ಅಂದೆ.

ಅವರು ಬಾಟಲಿ ತೆಗೆದು ತುಟಿ ಸವರಿಕೊಂಡರು. ನಾನು ಇಸಿದುಕೊಂಡು ಎಲ್ಲರಿಗೂ ಕಾಣುವಂತೆ ಮುಚ್ಚಳ ತಿರುಗಿಸಿದೆ. ಫುಸ್ ಅಂದಿತು. ಟೇಪನ್ನು ಬಿಚ್ಚಿ ಎಳೆದೆ. ಬರುತ್ತಲೇ ಇತ್ತು. "ಹಾಲು ಒರಕ್ಕೆ ಬಂದಷ್ಟೂ ಗಾಳಿ ಒಳಕ್ಕೋಗ್ಬೇಕು ಮಾವ. ಇಲ್ದಿದ್ರೆ ಬಾಟ್ಲಿನೇ ಹಾಲ್ನ ಇಡ್ಕಂಡು ಕೂತ್ಕತದೆ. ಬ್ಯಾರನ್ನಿಗೆ ಗಾಳಿಕಿಂಡಿ ಮಡಗಿದ್ದೀರಿ, ಮಗೀನ ಬಾಟ್ಲಿಗೆ ಇರೋ ಕಿಂಡಿನೂ ಮುಚ್ಚುದ್ರಿ" ಅಂದೆ. ಮುಚ್ಚಳ ಹದವಾಗಿ ಹಾಕಿ ವಾಣಿಶ್ರೀ ಕೈಗೆ ಕೊಡದೆ ಬೇಕೆಂದೇ ಅತ್ತೆ ಕೈಗೆ ಕೊಟ್ಟೆ. ಅವರ ತೊಡೆಯ ಮೇಲೆ ಚಿನ್ನು ಗುಳುಗುಳು ಕುಡಿದ. ತಾಯಿಯೇ ಬೇಕು ಅನ್ನುವ ಮಗು ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

ಮಾವ ಪಂಚೆ ಸರಿಮಾಡಿಕೊಂಡು, "ಈ ಬಾಟ್ಲಿ ಮಾಡೋರು ಇದ್ನೆಲ್ಲ ಕನ್ನಡದಲ್ಲಿ ಬರೀಬೇಕಾಗಿತ್ತು" ಅಂದರು. ಅಲ್ಲಿಗೆ ತಪ್ಪು ಬಾಟಲಿ ಮಾಡುವವರದ್ದಾಯಿತು. ಬೀಗರು ಈಗ ಧಾರಾಳವಾಗಿ ನಕ್ಕರು. ವಾಣಿಶ್ರೀ ಅಳುತ್ತಾ ನಗುತ್ತಾ ನನ್ನ ತೋಳು ಹಿಡಿದುಕೊಂಡಳು. ಅವಳ ಕೆಲಸ ಉಳಿಯಿತು.

ಆಗ ಅತ್ತೆ, ಮಗುವಿನ ಬಾಯಿ ಒರೆಸುತ್ತಾ, ಗಂಡನ ಮಾನ ಉಳಿಸುವ ಒಳ್ಳೆಯ ಬುದ್ಧಿಯಿಂದಲೇ ಅಂದರು: "ಅಂಗೇನೂ ಇಲ್ಲ ಕಣ್ರೀ, ಇವ್ರು ಸುತ್ತೋದು ಗಟ್ಟಿನೇಯ. ಚಂದು ಬಾಟ್ಲಿಗೂ ಇಂಗೇ ಸುತ್ತುದ್ರು. ಒಂದು ದಿನಾನೂ ಸೋರ್ನಿಲ್ಲ ಅದು."

ಎಲ್ಲರೂ ಇನ್ನೂ ನಗುತ್ತಿದ್ದರು. ನನ್ನ ಕಿವಿಗೆ ಆ ನಗು ಕೇಳಿಸಲಿಲ್ಲ. ಒಂದನೇ ಕ್ಲಾಸಿನ ಕಪ್ಪು ಹಲಗೆ, ನನ್ನ ಕೈಯಿನ ಸೀಮೆಸುಣ್ಣ, ಕೆಲಸ ಬಿಟ್ಟ ದಿನ ಗೇಟಿನ ತನಕ ಬಂದು ನಿಂತ ಮಕ್ಕಳು ಕಣ್ಣಿಗೆ ಕಟ್ಟಿದವು. ಇಷ್ಟು ವರ್ಷ ನನ್ನ ಮಗನ ಹಟ ಅಂದುಕೊಂಡಿದ್ದೆ, ನನ್ನ ಹಣೆಬರಹ ಅಂದುಕೊಂಡಿದ್ದೆ. ಮೊಣಕೈ ಉದ್ದದ ಟೇಪು ಅಂತ ಅಂದುಕೊಂಡಿರಲಿಲ್ಲ.

ಮಾವ ನನ್ನ ಮುಖ ನೋಡಿದರು. ಅವರಿಗೂ ಅರ್ಥವಾಯಿತು, ಅಷ್ಟು ದಡ್ಡರಲ್ಲ. "ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದು ಕಣವ್ವ" ಅಂದರು, ಮೆತ್ತಗೆ.

"ಗೊತ್ತು ಮಾವ. ಅದ್ಕೇ ನಂಗೆ ಇಷ್ಟೊಂದು ಸಿಟ್ಟು ಬರ್ತಾ ಇರೋದು. ಆ ಟೇಪು ಕೊಡಿ ಇಲ್ಲಿ."

ಮಾವ ಜೇಬಿಗೆ ಕೈ ಹಾಕಿ ಸುರುಳಿ ತೆಗೆದು ಕೊಟ್ಟರು. ಅದನ್ನು ಒಯ್ದು ಬ್ಯಾರನ್ನಿನ ಒಲೆಗೆ ಹಾಕಿದೆ. ಬಂದು, ನಾಳೆಯಿಂದ ಸೊಪ್ಪು ಕಟ್ಟುವುದಕ್ಕೆ ಬೇರೆ ಆಳು ನೋಡಿಕೊಳ್ಳಿ ಅಂತ ಕುಮಾರನಿಗೆ ಹೇಳಿದೆ. ಅವನು ಅಪ್ಪನ ಮುಖ ನೋಡಿದ. ಅಪ್ಪ ಅಂಗಳ ನೋಡುತ್ತಿದ್ದರು.

ಗೌರಿ ಹಬ್ಬ ಕಳೆದ ಸೋಮವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೆ. ಹಾರನಹಳ್ಳಿಯ ಶಾಲೆಯಲ್ಲಿ ಈಗ ಯಾರಿದ್ದಾರೋ, ಈ ವಯಸ್ಸಿಗೆ ನನ್ನನ್ನು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಇಲ್ಲ ಅಂದರೆ ಪಿರಿಯಾಪಟ್ಟಣದಲ್ಲಿ ಕೇಳುತ್ತೇನೆ. ವಾಣಿಶ್ರೀ ಬಾಗಿಲಲ್ಲಿ ಬ್ಯಾಗು ಹಿಡಿದು ನನಗಾಗಿ ಕಾಯುತ್ತಿದ್ದಳು. ಒಳಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಾವ ಅದರ ಮುಂದೆ ನಿಂತು ಖಾಲಿ ಜೇಬು ತಡವಿಕೊಳ್ಳುತ್ತಿದ್ದರು.

"ನಲ್ಲಿ ಸೋರ್ತಾ ಅದೆ ಕಣವ್ವ" ಅಂತ ಅತ್ತೆ ಕೂಗಿದರು.

"ಸೋರ್ಲಿ ಬುಡಿ ಅತ್ತೆ, ಬಸ್ಸಿಗೆ ಹೊತ್ತಾಯ್ತು" ಅಂದೆ.